ಸೆಕೆಂಡ್ ಗೇರ್ ಮೇಷ್ಟ್ರು ಅಕ್ಕನಿಗೆ ಕಾರು ಕೊಡಿಸಿದ್ದು

ಆ ಬಡಾವಣೆಯಲ್ಲಿ ಕಾರು ಓಡಿಸಲು ಬರುವವರಲ್ಲಿ ಮುಕ್ಕಾಲು ಪಾಲು ಜನ ಸೆಕೆಂಡ್ ಗೇರ್ ಮೇಷ್ಟ್ರ ಕೈಕೆಳಗೆ ಕಲಿತವರು. ಡ್ರೈವಿಂಗ್ ಸ್ಕೂಲಿನ ಬೋರ್ಡಿನ ಮೇಲೆ ಮಾಲೀಕರ ಹೆಸರು ದಪ್ಪಕ್ಷರದಲ್ಲಿದ್ದರೂ ಜನರ ಬಾಯಲ್ಲಿ ಅದು ಮೇಷ್ಟ್ರ ಸ್ಕೂಲೇ. ಅಡ್ಡಹೆಸರು ಇಟ್ಟವರು ಯಾರೋ ಹಳೆಯ ಶಿಷ್ಯರು. ಮೇಷ್ಟ್ರಿಗೆ ಅದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಮೊದಲ ಗೇರಿನಲ್ಲಿ ಹೊರಟು, ಎರಡಕ್ಕೆ ಬಂದು, ಅಲ್ಲೇ ನೆಮ್ಮದಿಯಾಗಿ ಇರುವುದು ಅವರ ಪಾಠದ ಕ್ರಮ. ನೀರಿನ ಟ್ಯಾಂಕಿನ ಹಿಂದಿನ ಮೈದಾನ, ಅಲ್ಲಿಂದ ಮಾರುಕಟ್ಟೆಯ ಸುತ್ತಿನ ಬೀದಿಗಳು, ಮತ್ತೆ ಮೈದಾನ. ಸ್ಕೂಲಿನ ಕಾರಿನ ಗೇರ್ ಕಡ್ಡಿಯ ತುದಿಯಲ್ಲಿ ಬರೆದಿದ್ದ ಅಂಕಿಗಳಲ್ಲಿ ಒಂದು, ಎರಡು ಪೂರ್ತಿ ಅಳಿಸಿಹೋಗಿದ್ದವು. ಮೂರು ಮಸುಕಾಗಿತ್ತು. ನಾಲ್ಕು, ಐದು ಮಾತ್ರ ಈಗ ತಾನೇ ಅಂಗಡಿಯಿಂದ ತಂದಂತೆ ಹೊಳೆಯುತ್ತಿದ್ದವು.

"ಮೇಷ್ಟ್ರೇ, ಸೈಕಲ್‌ನವನು ನಮ್ಮನ್ನ ದಾಟ್ಕೊಂಡು ಹೋದ," ಎಂದು ಕಲಿಯುವ ಹುಡುಗಿಯೊಬ್ಬಳು ಒಮ್ಮೆ ಅವಮಾನದಿಂದ ಹೇಳಿದಳು.

"ಹೋಗ್ಲಿ ಬಿಡಮ್ಮ. ಅವನಿಗೇನು ಅರ್ಜೆಂಟೋ ಏನೋ. ನೀನು ಕನ್ನಡಿ ನೋಡು."

ಅವರ ಹತ್ತಿರ ಕಲಿತವರು ಯಾರೂ ಪರೀಕ್ಷೆಯಲ್ಲಿ ಫೇಲಾಗುತ್ತಿರಲಿಲ್ಲ. ಕಿಷ್ಕಿಂಧೆಯಂಥ ಜಾಗದಲ್ಲೂ ಕಾರನ್ನು ಹಿಂದಕ್ಕೆ ತೆಗೆದು ಗೋಡೆಗೆ ಒರಗಿಸಿದಂತೆ ನಿಲ್ಲಿಸುವುದರಲ್ಲಿ ಮೇಷ್ಟ್ರನ್ನು ಮೀರಿಸುವವರಿರಲಿಲ್ಲ. ಪರೀಕ್ಷೆ ನಡೆಯುವುದು ಮೈದಾನದಲ್ಲಿ, ಎಂಟರ ಆಕಾರದಲ್ಲಿ ನೆಟ್ಟ ಕಂಬಗಳ ನಡುವೆ. ಅಲ್ಲಿ ಯಾರಿಗೂ ಎರಡಕ್ಕಿಂತ ಹೆಚ್ಚಿನ ಗೇರು ಬೇಕಾಗುತ್ತಿರಲಿಲ್ಲ. ಹಾಗಾಗಿ ಒಂದು ವಿಷಯ ಯಾರ ಗಮನಕ್ಕೂ ಬಂದಿರಲಿಲ್ಲ. ಊರಿಗೆಲ್ಲ ಕಾರು ಕಲಿಸಿದ ಈ ಮನುಷ್ಯ ತಾನು ಮಾತ್ರ ಒಮ್ಮೆಯೂ ಹೈವೇಯಲ್ಲಿ ಕಾರು ಓಡಿಸಿರಲಿಲ್ಲ. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಬೇರೆ ಊರಿಗೆ ಹೋಗಬೇಕಾದರೆ ಬಸ್ಸು ಹತ್ತುತ್ತಿದ್ದರು. ಬಸ್ಸಿನಲ್ಲೂ ಅವರಿಗೆ ನೆಮ್ಮದಿ ಇರುತ್ತಿರಲಿಲ್ಲ. ಎದುರಿನಿಂದ ಲಾರಿ ಬಂದಾಗಲೆಲ್ಲ, ಸ್ಕೂಲಿನ ಕಾರಿನಲ್ಲಿ ತಮ್ಮ ಕಡೆಗೂ ಒಂದು ಬ್ರೇಕ್ ಇರುವ ಅಭ್ಯಾಸಬಲದಿಂದ, ಬಲಗಾಲು ತಾನಾಗಿ ಬಸ್ಸಿನ ನೆಲವನ್ನು ಒತ್ತುತ್ತಿತ್ತು. ಇಳಿಯುವ ಹೊತ್ತಿಗೆ ಮೀನಖಂಡ ಹಿಡಿದುಕೊಂಡಿರುತ್ತಿತ್ತು.

ಮೇಷ್ಟ್ರನ್ನು ಸಾಕಿದವಳು ಅಕ್ಕ. ತಾಯಿ ತೀರಿಕೊಂಡಾಗ ಅವರಿಗೆ ಬುದ್ಧಿ ಬಲಿತಿರಲಿಲ್ಲ, ಅವಳಿಗೂ ಬಲಿತಿರಲಿಲ್ಲ. ಆದರೂ ಅವಳು ದೊಡ್ಡವಳಾದಳು, ಇವರು ಚಿಕ್ಕವರಾಗಿಯೇ ಉಳಿದರು. ಹತ್ತನೆಯ ತರಗತಿ ದಾಟಲಾಗದೆ ಮನೆಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದವರನ್ನು ಡ್ರೈವಿಂಗ್ ಸ್ಕೂಲಿಗೆ ಕರೆದುಕೊಂಡು ಹೋಗಿ, "ಕಾರು ತೊಳೆಯೋ ಕೆಲಸ ಆದ್ರೂ ಕೊಡಿ, ಹೇಳಿದ್ದು ನೀಟಾಗಿ ಮಾಡ್ತಾನೆ," ಎಂದು ಬಿಟ್ಟು ಬಂದವಳು ಅವಳೇ. ತೊಳೆಯುತ್ತಾ ತೊಳೆಯುತ್ತಾ ಕಲಿತರು, ಕಲಿಯುತ್ತಾ ಕಲಿಯುತ್ತಾ ಕಲಿಸುವವರಾದರು. ಮದುವೆಯ ಮಾತು ಬಂದಾಗಲೆಲ್ಲ ಮೀನಮೇಷ ಎಣಿಸಿ, ಕೊನೆಗೆ ಮಾತು ಬರುವುದೇ ನಿಂತುಹೋಯಿತು. ಸ್ಕೂಲಿನ ಮೇಲಿನ ಒಂಟಿ ಕೋಣೆಯಲ್ಲಿ ಮಲಗುತ್ತಿದ್ದರು, ಸಂಜೆಯ ಊಟಕ್ಕೆ ಅಕ್ಕನ ಮನೆಗೆ ಬರುತ್ತಿದ್ದರು. ತಲೆ ನರೆಯಲು ಶುರುವಾಗಿದ್ದರೂ ಅಕ್ಕ ಅವರ ತಟ್ಟೆ ನೋಡಿ, "ಇನ್ನೊಂಚೂರು ಹಾಕ್ಕೋ," ಎನ್ನುವುದನ್ನು ಬಿಟ್ಟಿರಲಿಲ್ಲ.

ಅಕ್ಕ ಮನೆಯಲ್ಲೇ ಕಿಟಕಿ ಪರದೆ ಹೊಲಿಯುವವಳು. ನಡುಮನೆಯ ಅರ್ಧ ಭಾಗ ಹೊಲಿಗೆ ಮಿಷನ್ನಿಗೆ, ಉಳಿದ ಅರ್ಧ ಸಂಸಾರಕ್ಕೆ. ಭಾವ ಶಾಲೆಯೊಂದರ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ನೋಡಿಕೊಳ್ಳುವ ಕೆಲಸದವರು, ತಮಾಷೆಯ ಮನುಷ್ಯ. ಆದರೆ ಹೊತ್ತು ಇಳಿಯುತ್ತಿದ್ದಂತೆ ಅವರಿಗೆ ಕಣ್ಣು ಮಂಜಾಗುತ್ತಿತ್ತು. ಅದಕ್ಕೇ ಮನೆಯಲ್ಲಿ ಕಾರು ಕಲಿತು ಲೈಸೆನ್ಸ್ ಪಡೆದವಳು ಅಕ್ಕ. ಕಲಿಸಿದವರು ಯಾರೆಂದು ಬೇರೆ ಹೇಳಬೇಕಿಲ್ಲ.

ಕಾರಿನ ಮಾತು ಎದ್ದದ್ದು ಭಾವನ ತಾಯಿಯ ದೆಸೆಯಿಂದ. ಅತ್ತೆ ಇನ್ನೊಂದು ಊರಿನಲ್ಲಿ ಹಿರಿಯ ಮಗನ ಜೊತೆ ಇದ್ದರು. ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ, ಚಿಕ್ಕ ಮಗನ ಮನೆಗೇ ಬರುತ್ತೇನೆಂದು ಹಟ ಹಿಡಿದಿದ್ದರು. ಬಸ್ಸಿನ ಮೆಟ್ಟಿಲು ಹತ್ತುವುದು ಅವರಿಂದ ಆಗದು. ಬಂದ ಮೇಲೂ ವಾರಕ್ಕೊಮ್ಮೆ ಆಸ್ಪತ್ರೆಗೆ ಕರೆದೊಯ್ಯಬೇಕು.

"ಒಂದು ಕಾರು ತಗೋಬೇಕು ಕಣೋ," ಎಂದಳು ಅಕ್ಕ, ಪರದೆಯ ಅಂಚು ಮಡಚುತ್ತಾ. "ಹಳೇದೇ ಸಾಕು. ನಮ್ಮ ಕೈಗೆ ಎಟುಕೋದು. ನೀನು ನೋಡಿ ಹೂಂ ಅಂದ್ರೆ ತಗೊಳ್ಳೋದು, ಉಹೂಂ ಅಂದ್ರೆ ಇಲ್ಲ."

ಭಾವ ಮೆಲ್ಲನೆ ಬಾಯಿ ಹಾಕಿದರು. "ಗ್ರೀಸಣ್ಣನ್ನೂ ಜೊತೆಗೆ ಕರ್ಕೊಂಡು ಹೋದ್ರೆ ಹೇಗೆ?" ಗ್ರೀಸಣ್ಣ ಎಂದರೆ ಮೂಲೆಯ ಗ್ಯಾರೇಜಿನವನು. ಉಗುರಿನ ಸಂದಿಯ ಕಪ್ಪಿನಿಂದಾಗಿ ಆ ಹೆಸರು ಬಂದಿತ್ತು.

"ಅವನ್ಯಾಕೆ? ನಮ್ಮನೇಲೇ ಕಾರಿನ ಮೇಷ್ಟ್ರು ಇರೋವಾಗ ಬೀದೀಲಿ ಹೋಗೋರನ್ನ ಕೇಳ್ಬೇಕಾ? ನನ್ನ ತಮ್ಮ ಹೇಳಿದ್ರೆ ಮುಗೀತು."

ಮೇಷ್ಟ್ರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. 'ಹೌದು, ಅವನೂ ಬರಲಿ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಇವರು ಹುಟ್ಟಿದಾಗಿನಿಂದ ಅಕ್ಕ ಇವರ ಬಗ್ಗೆ ತಾನೇ ತೀರ್ಮಾನ ಮಾಡಿದ್ದಳೇ ಹೊರತು, ಇವರನ್ನು ತೀರ್ಮಾನ ಕೇಳಿದ್ದು ಇದೇ ಮೊದಲು. ಆ ಮಾತನ್ನು ಅನ್ನದ ಜೊತೆಗೇ ನುಂಗಿಬಿಟ್ಟರು.

"ನೋಡೋಣ ಬಿಡು," ಎಂದರು.

ಮೊದಲು ನೋಡಿದ ಕಾರಿನ ಹ್ಯಾಂಡ್‌ಬ್ರೇಕ್ ಇಳಿಜಾರಿನಲ್ಲಿ ಹಿಡಿಯಲಿಲ್ಲ. ಇನ್ನೊಂದರಲ್ಲಿ ರಿವರ್ಸ್ ಗೇರು ಹಾಕುವುದೆಂದರೆ ಕುಸ್ತಿ ಆಡಿದಂತೆ. ಎರಡನ್ನೂ ಮೇಷ್ಟ್ರು ತಲೆಯಾಡಿಸಿ ಬಿಟ್ಟುಬಂದರು. ಅಕ್ಕನಿಗೆ ಅದರಿಂದ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಕೊನೆಗೆ ದಲ್ಲಾಳಿಯೊಬ್ಬ ಬೂದಿ ಬಣ್ಣದ ಕಾರೊಂದನ್ನು ತೋರಿಸಿದ. ಒಬ್ಬರೇ ಮಾಲೀಕರ ಕೈಯಲ್ಲಿದ್ದದ್ದು, ಹಿಂದಿನ ಬಾಗಿಲು ಅಗಲವಾಗಿ ತೆರೆಯುವಂಥದ್ದು. ಅತ್ತೆ ಸೊಂಟ ಹೆಚ್ಚು ಬಗ್ಗಿಸದೆ ಕೂರಬಹುದು. ಅಕ್ಕ ಸೀಟಿನ ಮೇಲೆ ಕೈಯಾಡಿಸಿ ಬಟ್ಟೆಯ ಹೊಲಿಗೆ ನೋಡಿದಳು, ಅಕ್ಕನ ಮಗಳು ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡಳು, ಅವಳ ತಮ್ಮ, ಮನೆಗೆಲ್ಲ ಚಿಕ್ಕವನು, ಆಗಲೇ ಕಿಟಕಿ ಪಕ್ಕದ ಜಾಗ ಹಿಡಿದು ಕೂತಿದ್ದ.

ಮೇಷ್ಟ್ರು ಪರೀಕ್ಷೆಗೆ ಇಳಿದರು. ಕ್ಲಚ್ಚನ್ನು ಕೂದಲೆಳೆಯಷ್ಟು ಬಿಡುತ್ತಾ ಅದು ಎಲ್ಲಿ ಹಿಡಿಯುತ್ತದೆ ಎಂದು ನೋಡಿದರು. ಇಳಿಜಾರಿನಲ್ಲಿ ನಿಲ್ಲಿಸಿದರು, ಏರಿನಲ್ಲಿ ಹೊರಡಿಸಿದರು. ಎರಡು ಸ್ಕೂಟರುಗಳ ನಡುವೆ ಹಿಂದಕ್ಕೆ ತಂದು ನಿಲ್ಲಿಸಿದರು. ಬಾನೆಟ್ ತೆಗೆದು ಎಣ್ಣೆಯ ಕಡ್ಡಿ ಒರೆಸಿ ಒರೆಸಿ ಅದ್ದಿ ನೋಡಿದರು. ಟೈರುಗಳ ಗೆರೆಗಳೊಳಗೆ ಉಗುರು ಇಳಿಸಿ ಆಳ ನೋಡಿದರು. ಒಂದೊಂದನ್ನೂ ಎರಡು ಸಲ. ದಲ್ಲಾಳಿಗೆ ಆಕಳಿಕೆ ಬಂತು.

"ಸಾರ್, ಬೇಕಾದ್ರೆ ಹೈವೇ ಕಡೆ ಒಂದು ರೌಂಡ್ ಹೊಡ್ಕೊಂಡು ಬನ್ನಿ. ಇಲ್ಲೇ ಹತ್ರ. ನಾನೇನೂ ಬೇಡ ಅನ್ನಲ್ಲ."

ಮೇಷ್ಟ್ರ ಕಿವಿ ಬಿಸಿಯಾಯಿತು. ಅಕ್ಕ, ಭಾವ, ಮಕ್ಕಳು ಎಲ್ಲರೂ ನೋಡುತ್ತಿದ್ದರು.

"ಬೇಡ," ಎಂದರು. "ನನಗೆ ಇಲ್ಲೇ ಗೊತ್ತಾಗುತ್ತೆ."

"ನೋಡಿದ್ರಾ? ಅನುಭವ ಅಂದ್ರೆ ಅದು," ಎಂದಳು ಅಕ್ಕ ದಲ್ಲಾಳಿಗೆ.

ಕಾರು ಮನೆಗೆ ಬಂತು. ಸದ್ದಿಲ್ಲದೆ ಬಂದು ಗೇಟಿನ ಪಕ್ಕ ಮಲಗುತ್ತಿತ್ತಾದ್ದರಿಂದ ಚಿಕ್ಕವನು ಅದನ್ನು 'ಬೂದಿ ಬೆಕ್ಕು' ಎಂದ, ಎಲ್ಲರೂ ಹಾಗೇ ಕರೆದರು. ಅದರ ಆರೈಕೆಯ ಭಾರ ಮೇಷ್ಟ್ರದು. ಬೆಳಿಗ್ಗೆ ಸ್ಕೂಲಿಗೆ ಹೋಗುವ ಮುಂಚೆ ಬಂದು ನೀರು, ಎಣ್ಣೆ ನೋಡುತ್ತಿದ್ದರು. ಬ್ಯಾಟರಿಯ ತುದಿಗಳಲ್ಲಿ ಕಟ್ಟಿದ್ದ ಬಿಳಿ ಪುಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಿದ್ದರು. ವೈಪರಿನ ರಬ್ಬರು ಬದಲಾಯಿಸಿದರು. ಅಕ್ಕ ಕಿಟಕಿಯಿಂದಲೇ ನೋಡಿ, "ಮಗುಗಾದ್ರೂ ಇಷ್ಟು ಸ್ನಾನ ಮಾಡ್ಸಲ್ಲ ಕಣೋ," ಎನ್ನುತ್ತಿದ್ದಳು. ಮೇಷ್ಟ್ರಿಗೆ ಒಳಗೊಳಗೇ ಸಂತೋಷ. ಸಂತೋಷದ ಅಡಿಯಲ್ಲಿ ಎಲ್ಲೋ ಚಪ್ಪಲಿಯೊಳಗಿನ ಹರಳಿನಂತೆ ಏನೋ ಒತ್ತುತ್ತಲೂ ಇತ್ತು.

ಅಕ್ಕ ಭಯವಿಲ್ಲದ ಹೆಂಗಸು. ಬೆಳಗಿನ ಹೊತ್ತು ಭಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೈವೇಯಲ್ಲಿ ಕೈ ಪಳಗಿಸಲು ಹೋಗತೊಡಗಿದಳು. ಬರುವ ಭಾನುವಾರ ಎಲ್ಲರೂ ಹೋಗಿ ಅತ್ತೆಯನ್ನು ಕರೆತರುವುದೆಂದು ನಿಶ್ಚಯವಾಗಿತ್ತು. ಒಂದು ಸಂಜೆ ಊಟಕ್ಕೆ ಬಡಿಸುತ್ತಾ ಅವಳು ಸಲೀಸಾಗಿ ಕೇಳಿದಳು:

"ಅಲ್ಲ ಕಣೋ, ಸ್ಪೀಡು ಅರವತ್ತು ದಾಟಿದ ಮೇಲೆ ಸ್ಟೀರಿಂಗು ಕೈಯಲ್ಲಿ ನಡುಗಿದ ಹಾಗೆ ಆಗುತ್ತಲ್ಲ, ಅದೇನು? ಹಾಗೇ ಇರುತ್ತಾ?"

ಅರವತ್ತು ದಾಟಿದ ಮೇಲೆ ಯಾವ ಕಾರು ಏನು ಮಾಡುತ್ತದೆ ಎಂಬುದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಲು ಒಂದು ಉಸಿರಿನಷ್ಟು ಹೊತ್ತು ಸಿಕ್ಕಿತ್ತು. ಅಕ್ಕ ಸೌಟು ಹಿಡಿದು ಉತ್ತರಕ್ಕೆ ಕಾಯುತ್ತಿದ್ದಳು. ಚಿಕ್ಕಂದಿನಲ್ಲಿ ಇವರು ಅವಳ ಮುಖ ನೋಡುತ್ತಿದ್ದ ಹಾಗೆಯೇ ಅವಳು ಇವರ ಮುಖ ನೋಡುತ್ತಿದ್ದಳು.

"ಹಳೇ ಕಾರಲ್ವಾ," ಎಂದರು ತಟ್ಟೆ ನೋಡುತ್ತಾ. "ಹಾಗೇ ಇರುತ್ತೆ. ಅಭ್ಯಾಸ ಆಗುತ್ತೆ."

"ನಾನು ಹೇಳ್ಲಿಲ್ವಾ?" ಎಂದಳು ಅಕ್ಕ ಗಂಡನ ಕಡೆ ತಿರುಗಿ. "ಸುಮ್ನೆ ಗಾಬರಿ ಬೀಳ್ತೀರಿ ನೀವು."

"ಸರಿ ಮಾರಾಯ್ತಿ. ಮೇಷ್ಟ್ರು ಹೇಳಿದ ಮೇಲೆ ಅಪೀಲು ಎಲ್ಲಿ?" ಎಂದು ಭಾವ ನಕ್ಕರು.

ಅಂದಿನಿಂದ ಮೇಷ್ಟ್ರಿಗೆ ಅನ್ನ ರುಚಿಸಲಿಲ್ಲ. ಕಲಿಸುವಾಗ ಶಿಷ್ಯರ ಮಾತು ಕಿವಿಗೆ ಬೀಳುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ. ಕಂಬದ ಹತ್ತಿರ ಇನ್ನೂ ಅಷ್ಟು ಜಾಗವಿರುವಾಗಲೇ ತಮ್ಮ ಕಡೆಯ ಬ್ರೇಕ್ ಒತ್ತಿ ಕಾರನ್ನು ಗಕ್ಕನೆ ನಿಲ್ಲಿಸಿದರು. ಕಲಿಯುತ್ತಿದ್ದ ಬ್ಯಾಂಕ್ ಗುಮಾಸ್ತರ ಕನ್ನಡಕ ಮೂಗಿನಿಂದ ಜಾರಿತು.

"ನಾನೇನ್ ತಪ್ಪು ಮಾಡ್ದೆ ಮೇಷ್ಟ್ರೇ?"

"ನೀವಲ್ಲ ಸಾರ್. ನಾನೇ. ಮುಂದೆ ಹೋಗಿ."

ನಡುಗುವುದು ಎಂದರೆ ಎಷ್ಟು? ಬಸ್ಸಿನ ಕಿಟಕಿ ಗಾಜಿನಷ್ಟೋ, ಹೊಲಿಗೆ ಮಿಷನ್ನಿನಷ್ಟೋ? ಎಲ್ಲ ಹಳೆಯ ಕಾರುಗಳೂ ನಡುಗುತ್ತವೆಯೇ? ನಡುಗಿದರೆ ಏನಾಗುತ್ತದೆ? ಗ್ರೀಸಣ್ಣನ ಗ್ಯಾರೇಜಿನ ಮುಂದೆ ಹೋಗಿ ನಿಂತರು. ಅವನು ಒಂದು ಲಾರಿಯ ಕೆಳಗಿನಿಂದ ತಲೆ ಹೊರಹಾಕಿ, "ಏನ್ ಮೇಷ್ಟ್ರೇ, ಅಪರೂಪ! ಏನಾಗ್ಬೇಕಿತ್ತು?" ಎಂದ. ಸುತ್ತಲೂ ನಾಲ್ಕಾರು ಜನ ಕೂತಿದ್ದರು, ಅರ್ಧದಷ್ಟು ಇವರ ಶಿಷ್ಯರೇ. "ಏನಿಲ್ಲಪ್ಪ, ಹೀಗೇ ಬಂದೆ," ಎಂದು ವಾಪಸ್ಸು ಬಂದರು. ಕೇಳಿದರೆ ಅವನು ಖಂಡಿತ ಮೊದಲು ಕೇಳುವುದು ಒಂದೇ: ನೀವು ಓಡಿಸಿದಾಗ ಹೇಗಿತ್ತು?

ಶನಿವಾರ ಮಧ್ಯಾಹ್ನ, ಕಾರು ತೊಳೆದು ತರುತ್ತೇನೆ ಎಂದು ಅಕ್ಕನಿಗೆ ಹೇಳಿ, ಬೂದಿ ಬೆಕ್ಕನ್ನು ತೆಗೆದುಕೊಂಡು ಹೈವೇಯ ಕಡೆ ಹೊರಟರು. ತಾವೇ ಓಡಿಸಿ ನೋಡಿಬಿಡುವುದೆಂಬ ಧೈರ್ಯ ಮಾರುಕಟ್ಟೆ ದಾಟುವವರೆಗೂ ಇತ್ತು. ಸೇರುವ ರಸ್ತೆಯ ತುದಿಯಲ್ಲಿ ನಿಂತು ಎಡಕ್ಕೆ, ಬಲಕ್ಕೆ, ಮತ್ತೆ ಬಲಕ್ಕೆ ನೋಡಿದರು. ಹಿಂದಿನವನು ಹಾರನ್ ಹೊಡೆದ ಮೇಲೆ ಹೊರಟರು. ಮೂರನೆಯ ಗೇರು. ಮುಳ್ಳು ನಲವತ್ತು ದಾಟಿತು. ಬಲಗಡೆಯಿಂದ ಒಂದು ಲಾರಿ ಗಾಳಿಯ ಗೋಡೆಯನ್ನೇ ಎಳೆದುಕೊಂಡು ಹೋದಂತೆ ಹೋಯಿತು, ಕಾರು ಒಂದು ಕಡೆಗೆ ವಾಲಿದಂತಾಯಿತು. ನಾಲ್ಕಕ್ಕೆ ಹಾಕಬೇಕಾದ ಕೈ ಕಡ್ಡಿಯ ಮೇಲೆ ಇತ್ತು, ಹಿಂದಕ್ಕೆ ಎಳೆಯಲು ಆಗಲಿಲ್ಲ. ರಸ್ತೆಯ ಅಂಚಿಗೆ ಬಂದು, ಇಂಡಿಕೇಟರ್ ಹಾಕಿ, ಪಕ್ಕದ ದಾರಿಗೆ ಇಳಿದುಬಿಟ್ಟರು. ಸ್ಟೀರಿಂಗು ನಡುಗಿರಲಿಲ್ಲ. ನಡುಗುವ ವೇಗಕ್ಕೆ ಅವರು ಹೋಗಿಯೇ ಇರಲಿಲ್ಲ.

'ನಡುಗಲಿಲ್ಲವಲ್ಲ' ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾ ಮನೆ ತಲುಪಿದರು. ತಮ್ಮ ಮಾತನ್ನು ತಾವೇ ನಂಬಲಿಲ್ಲ.

ಭಾನುವಾರ ಬೆಳಿಗ್ಗೆ ಮನೆಯೆಂದರೆ ಗದ್ದಲದ ಗೂಡು. ಅತ್ತೆಯ ಬೆನ್ನಿಗೆಂದು ಅಕ್ಕ ಹೊಸದಾಗಿ ಹೊಲಿದ ದಿಂಬು, ನೀರಿನ ಬಾಟಲಿಗಳು, ವಾಂತಿಯಾದರೆ ಇರಲಿ ಎಂದು ಕವರುಗಳು.

"ನಾನು ಕಿಟಕಿ ಪಕ್ಕ," ಎಂದ ಚಿಕ್ಕವನು.

"ಹೋಗುವಾಗ ಎರಡು ಕಿಟಕಿ ಇದೆ ಕಣೋ ಪೆದ್ದ. ಬರುವಾಗ ಅಜ್ಜಿ ಕೂತ್ರೆ ನೀನೇ ಮಧ್ಯ," ಎಂದಳು ಅಕ್ಕನ ಮಗಳು.

"ಅಜ್ಜೀನೇ ಮಧ್ಯ ಕೂರ್ಲಿ!"

"ಅಜ್ಜಿ ಸೊಂಟಕ್ಕೆ ನೀನು ಆತ್ಕೋತೀಯಾ?"

ಮೇಷ್ಟ್ರಿಗೆ ಜಾಗವಿರಲಿಲ್ಲ. ಅವರ ಕೆಲಸ ಕೊನೆಯ ಸಲ ಎಲ್ಲ ನೋಡಿ ಕೀ ಕೊಡುವುದು. ಗಾಳಿ ನೋಡಿದರು, ನೀರು ನೋಡಿದರು, ದೀಪ ಹಾಕಿ ಆರಿಸಿದರು. ಅಕ್ಕ ಸೆರಗು ಸಿಕ್ಕಿಸಿಕೊಂಡು ಬಂದು ಕೈ ಚಾಚಿದಳು. ಹಿಂದಿನ ಸೀಟಿನಲ್ಲಿ ಚಿಕ್ಕವನು ಆಗಲೇ ಗಾಜಿಗೆ ಮೂಗು ಒತ್ತಿ ಇವರನ್ನು ನೋಡಿ ನಾಲಿಗೆ ಚಾಚುತ್ತಿದ್ದ.

ಮೇಷ್ಟ್ರು ಕೀಯನ್ನು ಮುಷ್ಟಿಯಲ್ಲಿ ಬಿಗಿಹಿಡಿದರು.

"ಅಕ್ಕ, ಹೋಗ್ಬೇಡಿ."

"ಏನು?"

"ಇವತ್ತು ಹೋಗ್ಬೇಡಿ."

"ತಮಾಷೆ ಮಾಡೋ ಹೊತ್ತಾ ಇದು? ಅತ್ತೆ ಆಗ್ಲೇ ಸೀರೆ ಉಟ್ಕೊಂಡು ಬಾಗಿಲಲ್ಲಿ ಕೂತಿದಾರಂತೆ. ಕೊಡು."

"ನಡುಗುತ್ತೆ ಅಂದ್ಯಲ್ಲ. ಅದು ಯಾಕೆ ಅಂತ ನನಗೆ ಗೊತ್ತಿಲ್ಲ."

"ಹಳೇ ಕಾರು, ಹಾಗೇ ಇರುತ್ತೆ ಅಂತ ನೀನೇ ಹೇಳಿದ್ದು."

"ಸುಮ್ನೆ ಹೇಳ್ದೆ." ಮೇಷ್ಟ್ರು ಕೀ ಬಿಡಲಿಲ್ಲ. "ನಾನು ಅರವತ್ತು ಓಡ್ಸೇ ಇಲ್ಲ ಅಕ್ಕ."

"ಈ ಕಾರಲ್ಲಾ?"

"ಯಾವ ಕಾರಲ್ಲೂ."

ಭಾವ ಮೊದಲು ನಕ್ಕರು. ಆಮೇಲೆ ಮೇಷ್ಟ್ರ ಮುಖ ನೋಡಿ ನಗು ನಿಲ್ಲಿಸಿದರು. ಎದುರು ಮನೆಯ ಮಾಳಿಗೆಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಕೈ ತಡೆದು ಕೆಳಗೆ ನೋಡುತ್ತಿದ್ದಳು. ಆಕೆಯೂ ಹಳೆಯ ಶಿಷ್ಯೆಯೇ.

"ಮಾವ," ಎಂದಳು ಅಕ್ಕನ ಮಗಳು, ಪಿಸುದನಿಯಲ್ಲಿ. "ಮತ್ತೆ ನೀವು ಎಲ್ಲರಿಗೂ ಕಲಿಸ್ತೀರಲ್ಲ?"

"ಕಲಿಸೋದು ಬೇರೆ ಪುಟ್ಟಿ. ನಲವತ್ತರೊಳಗೆ ಎಲ್ಲ ಗೊತ್ತು ನನಗೆ. ಅದರಾಚೆ ಏನೂ ಗೊತ್ತಿಲ್ಲ."

ಅಕ್ಕ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಚಿಕ್ಕಂದಿನಲ್ಲಿ ಬೈದು ಮುಗಿಸಿದ ಕೂಡಲೇ ಅವಳು ಊಟಕ್ಕೆ ಕರೆಯುತ್ತಿದ್ದಳು. ಈಗ ಅವಳು ಮಕ್ಕಳನ್ನು ಕೆಳಗಿಳಿಸಿದಳು, ಅತ್ತೆಗೆ ಫೋನ್ ಮಾಡಿ ತಡವಾಗುತ್ತದೆ ಎಂದಳು. ಆಮೇಲೆ ಗಂಡನಿಗೆ, "ಗ್ರೀಸಣ್ಣನ್ನ ಮನೆಯಿಂದ ಎಬ್ಬಿಸ್ಕೊಂಡು ಬನ್ನಿ," ಎಂದಳು.

ರಜಾದಿನದ ಬನಿಯನ್ನಿನಲ್ಲೇ ಬಂದ ಗ್ರೀಸಣ್ಣ, ಅಕ್ಕ ಹೇಳಿದ್ದೆಲ್ಲ ಕೇಳಿಸಿಕೊಂಡ. ಮೇಷ್ಟ್ರನ್ನು ಏನೂ ಕೇಳಲಿಲ್ಲ. ಭಾವ ದಾರಿಯಲ್ಲೇ ಹೇಳಿದ್ದರೆಂದು ಕಾಣುತ್ತದೆ. ಜಾಕ್ ಇಟ್ಟು ಮುಂದಿನ ಚಕ್ರ ಎತ್ತಿದ, ಕೈಯಿಂದ ತಿರುಗಿಸಿದ, ಏನೂ ಇರಲಿಲ್ಲ. ಇನ್ನೊಂದು ಬದಿಯದನ್ನು ಎತ್ತಿದ. ಚಕ್ರದ ಹಿಂದಕ್ಕೆ ಕೈ ತೂರಿಸಿ, ಕುರುಡರು ಮುಖ ತಡವುವಂತೆ ಟೈರಿನ ಒಳಮೈಯನ್ನು ಸವರುತ್ತಾ ಬಂದ. ಕೈ ಒಂದು ಕಡೆ ನಿಂತಿತು.

"ಮೇಷ್ಟ್ರೇ, ಇಲ್ಲಿ ಕೈ ಹಾಕಿ."

ಹಾಕಿದರು. ನುಣ್ಣಗಿರಬೇಕಾದ ರಬ್ಬರು ಅಲ್ಲಿ ನಿಂಬೆಹಣ್ಣಿನ ಗಾತ್ರಕ್ಕೆ ಉಬ್ಬಿಕೊಂಡಿತ್ತು. ಒತ್ತಿದರೆ ಮೆತ್ತಗೆ, ಒಳಗೆ ಗಾಳಿ ಬಿಟ್ಟರೆ ಬೇರೇನೂ ಇಲ್ಲದಂತೆ.

"ಒಳಗಿನ ನೂಲು ಕಿತ್ತು ಹೋಗಿದೆ," ಎಂದ ಗ್ರೀಸಣ್ಣ. "ಯಾವ್ದೋ ಗುಂಡಿಗೆ ಹೊಡ್ಸಿದಾರೆ ಹಿಂದಿನೋರು. ಹೊರಗಡೆಯಿಂದ ಟೈರು ಚೆನ್ನಾಗೇ ಕಾಣುತ್ತೆ. ಸ್ಪೀಡಲ್ಲಿ ಬಿಸಿ ಆದ್ರೆ ಇದು ಒಡೆಯುತ್ತೆ."

"ಇವತ್ತು ಒಡೀತಿತ್ತಾ?" ಎಂದು ಭಾವ ಕೇಳಿದರು.

"ಅದನ್ನ ಯಾರು ಹೇಳ್ತಾರೆ ಸಾರ್? ಇವತ್ತು, ಮುಂದಿನ ತಿಂಗಳು, ಯಾವಾಗ್ಲೋ."

ಮೇಷ್ಟ್ರ ಕೈ ಇನ್ನೂ ಅಲ್ಲೇ ಇತ್ತು. ಆ ಉಬ್ಬಿನ ಮೇಲೆ ಅಕ್ಕ ದಿನವೂ ಬೆಳಿಗ್ಗೆ ಹೈವೇಗೆ ಹೋಗಿಬಂದಿದ್ದಳು. ಅದನ್ನೇ ಇವರು ಹೊರಗಿನಿಂದ ಒದ್ದೆ ಬಟ್ಟೆಯಲ್ಲಿ ಒರೆಸಿ ಹೊಳಪು ತರಿಸುತ್ತಿದ್ದರು. ಕೈ ತೆಗೆದು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು.

ಡಿಕ್ಕಿಯಲ್ಲಿದ್ದ ಸ್ಟೆಪ್ನಿ ನೆಲಕ್ಕೆ ತಾಗಿಯೇ ಇರದಷ್ಟು ಹೊಸದಾಗಿತ್ತು. ಗ್ರೀಸಣ್ಣ ಅದರ ಒಳಮೈಯನ್ನೂ ಸವರಿ ನೋಡಿ, ಚಕ್ರ ಬದಲಾಯಿಸಿದ. ಡಿಕ್ಕಿಗೆ ತನ್ನ ಗ್ಯಾರೇಜಿನ ಒಂದು ಗಟ್ಟಿ ಹಳೆಯ ಚಕ್ರ ತಂದಿಟ್ಟ. "ಒಂದ್ಸಲ ಎಪ್ಪತ್ತರ ತನಕ ಓಡಿಸಿ ನೋಡ್ಕೊಳ್ಳಿ. ನಡುಗ್ಲಿಲ್ಲ ಅಂದ್ರೆ ಆರಾಮಾಗಿ ಹೋಗ್ಬನ್ನಿ," ಎಂದು ಕೈ ಒರೆಸಿಕೊಂಡ.

ಅಕ್ಕ ಕಾರಿನ ಹತ್ತಿರ ಹೋದಳು. ಎಡಗಡೆಯ ಬಾಗಿಲು ತೆಗೆದು ಕೂತಳು.

"ಬಾ," ಎಂದಳು.

"ನೀನೇ ಓಡಿಸು ಅಕ್ಕ."

"ಬಾ ಅಂದೆ."

ಮೇಷ್ಟ್ರು ಸ್ಟೀರಿಂಗಿನ ಮುಂದೆ ಕೂತರು. ಸೇರುವ ರಸ್ತೆಯ ತುದಿಯಲ್ಲಿ ಮೇಷ್ಟ್ರು ಎಡಕ್ಕೆ, ಬಲಕ್ಕೆ ನೋಡುತ್ತಾ ನಿಂತಾಗ ಕೇಳಿದಳು: "ಗೊತ್ತಿಲ್ಲ ಅಂತ ಅವತ್ತೇ ಯಾಕೆ ಹೇಳ್ಲಿಲ್ಲ?"

"ನೀನು ಯಾವತ್ತೂ ನನ್ನನ್ನ ಏನೂ ಕೇಳಿರಲಿಲ್ಲ," ಎಂದರು ಮೇಷ್ಟ್ರು. "ಮೊದಲ ಸಲ ಕೇಳ್ದೆ. ಅದಕ್ಕೇ."

"ನನ್ನ ಮಕ್ಕಳು ಕೂರ್ತಿದ್ರು ಇದರಲ್ಲಿ."

"ಹೂಂ."

"ಹೂಂ ಅಂತೆ." ಅವಳ ದನಿ ಒಡೆಯಿತು, ಮತ್ತೆ ಗಟ್ಟಿಯಾಯಿತು. "ಹೊರಡು. ಲಾರಿ ಹೋಯ್ತು. ಈಗ ಖಾಲಿ ಇದೆ."

ಹೊರಟರು. ಎರಡು, ಮೂರು. "ನಾಲ್ಕಕ್ಕೆ ಹಾಕು," ಎಂದಳು ಅಕ್ಕ. ಹಾಕಿದರು. ಎಂಜಿನ್ನಿನ ಸದ್ದು ಇಳಿದು ಗಾಳಿಯ ಸದ್ದು ಏರಿತು. ಅಷ್ಟು ಬೇಗ ಬದಿಯ ಮರಗಳು ಹಿಂದೆ ಸರಿಯುವುದನ್ನು ಅವರು ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದ್ದರು. "ಒತ್ತು. ಹೆದರ್ಬೇಡ, ಮುಂದೆ ಯಾರೂ ಇಲ್ಲ. ಕನ್ನಡಿ ನೋಡು. ಹಾಂ, ಐದು." ಐವತ್ತು ದಾಟಿತು, ಅರವತ್ತು ದಾಟಿತು. ಅಂಗೈ ಬೆವರಿ ಸ್ಟೀರಿಂಗು ಜಾರುತ್ತಿತ್ತು.

"ನಡುಗ್ತಿದೆಯಾ?"

"ಗೊತ್ತಾಗ್ತಿಲ್ಲ ಅಕ್ಕ. ನಡುಗ್ತಿರೋದು ಕಾರೋ ನಾನೋ."

ಅಕ್ಕ ಪಕ್ಕದಿಂದ ಕೈ ಚಾಚಿ ಸ್ಟೀರಿಂಗಿನ ಅಂಚನ್ನು ಎರಡು ಬೆರಳಿನಿಂದ ಹಿಡಿದು ನೋಡಿದಳು.

"ಕಾರಲ್ಲ," ಎಂದಳು. "ಎಪ್ಪತ್ತರ ತನಕ ಹೋಗು, ನೋಡ್ಬಿಡೋಣ."

ಮುಳ್ಳು ಎಪ್ಪತ್ತನ್ನು ಮುಟ್ಟಿದಾಗಲೂ ಅವಳ ಬೆರಳುಗಳು ಅಲ್ಲೇ ಇದ್ದವು. ಆಮೇಲೆ ಮನೆಗೆ ತಿರುಗಿಸು ಎಂದಳು. ಮನೆ ಮುಂದೆ ಕೀ ತೆಗೆದುಕೊಳ್ಳುವಾಗಲೂ ಅವಳು ಇವರ ಮುಖ ನೋಡಲಿಲ್ಲ. ಎಲ್ಲರೂ ಕೂತರು, ಕಾರು ಬೀದಿಯ ತಿರುವಿನಲ್ಲಿ ಮರೆಯಾಯಿತು. ಎದುರು ಮಾಳಿಗೆಯ ಹೆಂಗಸು ಬಟ್ಟೆ ಮುಗಿಸಿ ಒಳಗೆ ಹೋಗಿದ್ದಳು.

ಮೇಷ್ಟ್ರಿಗೆ ಕೋಣೆಗೆ ಹೋಗಲು ಮನಸ್ಸಾಗಲಿಲ್ಲ. ಗ್ರೀಸಣ್ಣನ ಗ್ಯಾರೇಜಿಗೆ ಹೋದರು. ಅವನು ಅರ್ಧ ಬಾಗಿಲು ಎತ್ತಿ, ತೆಗೆದಿಟ್ಟ ಟೈರನ್ನು ಗೋಡೆಗೆ ಆನಿಸುತ್ತಿದ್ದ.

"ಚಕ್ರ ಎತ್ತಿದ ಮೇಲೆ ಏನೇನು ನೋಡ್ಬೇಕು, ನನಗೆ ತೋರಿಸ್ತೀಯಾ?"

ಗ್ರೀಸಣ್ಣ ಒಂದು ಗಳಿಗೆ ಅವರನ್ನು ದಿಟ್ಟಿಸಿದ. "ಮೇಷ್ಟ್ರೇ, ನಿಮ್ಮ ಹತ್ರ ಕಲಿಯುವಾಗ ರಿವರ್ಸ್ ಬರದೆ ಎಷ್ಟು ಉಗಿಸ್ಕೊಂಡಿದೀನಿ ಗೊತ್ತಾ? ಈಗ ನನ್ನ ಸರದಿ," ಎಂದು ಗೋಣಿತಾಟು ಹಾಸಿ ಕೊಟ್ಟ. ಮಧ್ಯಾಹ್ನವಿಡೀ ಇಬ್ಬರೂ ಒಂದು ಹಳೆಯ ಕಾರಿನ ಕೆಳಗೆ ಮಲಗಿದ್ದರು. ಮೇಷ್ಟ್ರು ಒಂದೊಂದು ಭಾಗವನ್ನೂ ಮುಟ್ಟಿ, ಹೆಸರು ಕೇಳಿ, ಮತ್ತೆ ಮುಟ್ಟುತ್ತಿದ್ದರು. ಕಿವಿ ಮಾತ್ರ ಜೇಬಿನ ಫೋನಿನ ಮೇಲೆಯೇ ಇತ್ತು. ತಲುಪಿರಬೇಕಾದ ಹೊತ್ತು ಮೀರಿತ್ತು. ಅಕ್ಕ ಸಿಟ್ಟಿನಲ್ಲಿ ಫೋನ್ ಮಾಡುತ್ತಿಲ್ಲವೋ, ಮಾಡಲಾಗದಂಥದ್ದು ಏನಾದರೂ ಆಯಿತೋ? ತಾವೇ ಮಾಡೋಣವೆಂದರೆ ಅವಳು ಓಡಿಸುತ್ತಿರಬಹುದು. ಹೊರಗೆ ಮೋಡ ಕಟ್ಟಿ ಗ್ಯಾರೇಜಿನ ಬಾಗಿಲಲ್ಲಿ ಬೆಳಕು ಕಡಿಮೆಯಾಗುತ್ತಿತ್ತು.

ಕೊನೆಗೂ ಫೋನ್ ಬಂತು. ತೆವಳಿಕೊಂಡು ಹೊರಬರುವಾಗ ತಲೆ ಬಂಪರಿಗೆ ಹೊಡೆಯಿತು.

"ಅಕ್ಕ?"

"ಅತ್ತೆಯನ್ನ ಕೂರಿಸಿದೀವಿ. ದಿಂಬು ಸರಿಹೋಯ್ತು. ಚಿಕ್ಕವನು ಮಧ್ಯ ಕೂತು ಮುಖ ಊದಿಸ್ಕೊಂಡಿದಾನೆ." ಅವಳ ದನಿಯಲ್ಲಿ ಸಿಟ್ಟಿನ ಒರಟು ಇನ್ನೂ ಹೋಗಿರಲಿಲ್ಲ. ಹಿಂದೆ ಮುದುಕಿಯೊಬ್ಬರು ಏನೋ ಹೇಳುತ್ತಿರುವುದು, ಭಾವ ನಗುತ್ತಿರುವುದು ಕೇಳುತ್ತಿತ್ತು. "ಇಲ್ಲಿ ಜೋರು ಮಳೆ ಹಿಡ್ಕೊಂಡಿದೆ ಕಣೋ. ನಿಂತ ಮೇಲೇ ಹೊರಡ್ತೀವಿ. ಆದ್ರೆ ದಾರೀಲಿ ಮತ್ತೆ ಬಂದ್ರೆ? ಹೈವೇಲಿ ನೀರು ನಿಂತಿರುತ್ತೆ. ಎಷ್ಟು ಸ್ಪೀಡಲ್ಲಿ ಹೋಗ್ಬಹುದು?"

ಮೇಷ್ಟ್ರು ಗೋಡೆಗೆ ಒರಗಿ ನಿಂತರು.

"ಗೊತ್ತಿಲ್ಲ ಅಕ್ಕ," ಎಂದರು. "ಫೋನ್ ಇಡ್ಬೇಡ, ಗ್ರೀಸಣ್ಣ ಇಲ್ಲೇ ಇದಾನೆ. ಕೇಳಿ ಹೇಳ್ತೀನಿ."

"ಸರಿ, ಕೇಳು," ಎಂದಳು ಅಕ್ಕ. "ಹಿಡ್ಕೊಂಡಿರ್ತೀನಿ."